‘ತಡ್ಕೋ’ ಎಂದ ಮೇಸ್ತ್ರಿ

ಮೇಸ್ತ್ರಿ ಮದುವೆಯಾದಾಗ ಅವನಿಗೆ ನಲವತ್ನಾಲ್ಕು ತುಂಬಿತ್ತು. ಅಲ್ಲಿಯವರೆಗೆ ಊರಿನವರಿಗೆಲ್ಲ ಮಂಚ, ಕಪಾಟು, ಬಾಗಿಲು ಮಾಡಿಕೊಟ್ಟವನು ತಾನು ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಎರಡು ಹಲಗೆ ಜೋಡಿಸಿ ಅದರ ಮೇಲೆ ಮಲಗುತ್ತಿದ್ದ. “ಬಡಗಿ ಮನೆ ಮಂಚಕ್ಕೆ ಮೂರೇ ಕಾಲು” ಎಂದು ಮರ ಕೊಯ್ಯುವ ಮಿಲ್ಲಿನವರು ಕಿಚಾಯಿಸಿದರೆ, “ನನ್ನದಕ್ಕೆ ಅದೂ ಇಲ್ಲ ಕಣ್ರಪ್ಪ” ಎಂದು ತಾನೂ ನಗುತ್ತಿದ್ದ.

ಒಂದು ಮುದ್ರಣಾಲಯದಲ್ಲಿ ಕಾಗದದ ರೀಮುಗಳನ್ನು ಇಡಲು ಗೋಡೆಯುದ್ದಕ್ಕೂ ರ‍್ಯಾಕು ಮಾಡುವ ಕೆಲಸ ಬಂತು. ಹದಿನೈದು ದಿನದ ಕೆಲಸ. ಅಲ್ಲಿ ಬೈಂಡಿಂಗ್ ವಿಭಾಗದಲ್ಲಿ ಒಬ್ಬ ಹೆಂಗಸು ಹಾಳೆ ಮಡಿಚಿ, ದಬ್ಬಣದಿಂದ ಹೊಲಿದು ಪುಸ್ತಕ ಕಟ್ಟುತ್ತಿದ್ದಳು. ಗಂಡ ಕಾಮಾಲೆಯಾಗಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವಳ ಬೆರಳ ತುದಿಗಳು ಮೇಸ್ತ್ರಿಯ ಬೆರಳಷ್ಟೇ ಗಟ್ಟಿಯಾಗಿದ್ದವು. ಹದಿನೈದು ದಿನದ ಕೆಲಸ ಒಂದು ತಿಂಗಳಾದರೂ ಮುಗಿಯದಿದ್ದಾಗ ಮಾಲೀಕನಿಗಿಂತ ಮೊದಲು ಕಾರಣ ಹೊಳೆದದ್ದು ಅವಳಿಗೇ.

“ನೋಡಿ ಮೇಸ್ತ್ರಿ, ನನಗೊಬ್ಬಳು ಮಗಳಿದ್ದಾಳೆ. ಹದಿನಾಲ್ಕು ವರ್ಷ. ನನಗೆ ನೀವು ಬೇಕಾಗಬಹುದು, ಅವಳಿಗೆ ಬೇಡ. ಅದನ್ನ ತಿಳ್ಕೊಂಡು ಮುಂದಿನ ಮಾತಾಡಿ” ಎಂದಳು.

ಮೇಸ್ತ್ರಿ ತಿಳಿದುಕೊಂಡೇ ಮಾತಾಡಿದ. ಆದರೆ ತಿಳಿದುಕೊಳ್ಳುವುದು ಬೇರೆ, ಅದರ ಜೊತೆ ಬಾಳುವುದು ಬೇರೆ.

ಅವಳದು ಎರಡನೇ ಮಹಡಿಯ ಎರಡು ಕೋಣೆಯ ಮನೆ. ಒಳಕೋಣೆಯಲ್ಲಿ ಅಮ್ಮ, ಮಗಳು ಒಂದೇ ಮಂಚದಲ್ಲಿ ಮಲಗುತ್ತಿದ್ದರು. ಮೇಸ್ತ್ರಿ ಬಂದ ಮೇಲೆ ಮಗಳು ಹಾಸಿಗೆ ಸುತ್ತಿಕೊಂಡು ಅಡುಗೆ ಒಲೆಯಿದ್ದ ಹೊರಕೋಣೆಗೆ ಬಂದಳು. ಎರಡು ಕೋಣೆಗಳ ನಡುವೆ ಬಾಗಿಲಿರಲಿಲ್ಲ, ಒಂದು ಪರದೆ ಇತ್ತು. ಬಾಗಿಲು ಹಾಕೋಣವೆಂದರೆ ಗೋಡೆಯಲ್ಲಿ ಚೌಕಟ್ಟು ಹಿಡಿಯುವಷ್ಟು ಜೀವವಿರಲಿಲ್ಲ; ಎರಡು ಸಲ ಮೊಳೆ ಹೊಡೆದು ನೋಡಿದ, ಎರಡು ಸಲವೂ ಗಾರೆ ಉದುರಿತು.

ಹುಡುಗಿ ಭಾರೀ ಎತ್ತರ. ಶಾಲೆಯಲ್ಲಿ ‘ಏಣಿ’ ಎಂದು ಕರೆಯುತ್ತಿದ್ದರು, ಬೀದಿಯಲ್ಲೂ ಅದೇ ಹೆಸರು ನಿಂತುಬಿಟ್ಟಿತ್ತು. ಮೇಸ್ತ್ರಿಯನ್ನು ಅವಳು ಎಲ್ಲರಂತೆ ‘ಮೇಸ್ತ್ರಿ’ ಎಂದೇ ಕರೆದಳು. ಬಹುವಚನದಲ್ಲೇ ಮಾತಾಡಿದಳು. ಅವನು ಅವಳಿಗೊಂದು ಓದುವ ಮೇಜು ಮಾಡಿಕೊಟ್ಟ, ಎತ್ತರಕ್ಕೆ ತಕ್ಕಂತೆ ಕಾಲು ಉದ್ದ ಇಟ್ಟು. “ಚೆನ್ನಾಗಿದೆ” ಎಂದಳು. ಪುಸ್ತಕದ ಕಪಾಟು ಮಾಡಿದ. “ಚೆನ್ನಾಗಿದೆ” ಎಂದಳು. ಗಿರಾಕಿಗಳು ಹಾಗೆ ಹೇಳುತ್ತಾರೆ. ಅವಳ ಬಾಯಲ್ಲಿ ಒಂದು ಸಲ, ಮರೆತಾದರೂ, ‘ಅಪ್ಪ’ ಎಂದು ಬರಲಿ ಎಂಬ ಆಸೆ ಅವನಿಗೆ ಯಾವಾಗ ಹುಟ್ಟಿತೋ ಅವನಿಗೇ ಗೊತ್ತಿಲ್ಲ. ಹೇಳಿಕೊಂಡರೆ ನಗೆಗೀಡು, ಹೇಳಿಕೊಳ್ಳದಿದ್ದರೆ ಹಲ್ಲಿನ ಸಂದಿಯ ಸಿಬಿರು.

ಮೂರು ವರ್ಷ ಹೀಗೇ ಕಳೆಯಿತು. ಒಂದು ದಿನ ಮಧ್ಯಾಹ್ನ ಅವನು ಬಾಗಿಲೊಂದಕ್ಕೆ ಉಜ್ಜುಗೊರಡು ಹಾಕುತ್ತಿದ್ದಾಗ ಬೆಳಕಿಗೆ ಅಡ್ಡವಾಗಿ ಯಾರೋ ನಿಂತರು. ತಲೆಯೆತ್ತಿದರೆ ಏಣಿ. ಅವಳು ಅಂಗಡಿಗೆ ಕಾಲಿಟ್ಟದ್ದು ಅದೇ ಮೊದಲು.

“ಮೇಸ್ತ್ರಿ, ನನಗೊಂದು ಗೋಡೆ ಮಾಡಿಕೊಡ್ತೀರಾ? ಹಲಗೇದು. ಆರಡಿ ಎತ್ತರ.”

“ಗೋಡೆ ಯಾಕಮ್ಮ?”

“ಹತ್ತೋಕೆ.”

ಅವನು ಗೊರಡನ್ನು ಪಕ್ಕಕ್ಕಿಟ್ಟ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಸೈನ್ಯಕ್ಕೆ ಹುಡುಗಿಯರನ್ನೂ ತೆಗೆದುಕೊಳ್ಳುತ್ತಿದ್ದಾರೆ. ಹದಿನೇಳೂವರೆ ಆದರೆ ಸಾಕು. ಓಟ ಇದೆ, ಗೋಡೆ ಹಾರುವುದು ಇದೆ, ಕಂಬಿ ಹಿಡಿದು ನೇತಾಡುವುದು ಇದೆ. ಓಟ ಅವಳಿಗೆ ಬರುತ್ತದೆ, ಗೋಡೆ ಬರುವುದಿಲ್ಲ.

“ಅಮ್ಮನಿಗೆ ಹೇಳಿದ್ಯಾ?”

“ಇಲ್ಲ. ನೀವೂ ಹೇಳ್ಬೇಡಿ.”

“ಅದಾಗಲ್ಲ” ಎಂದ ಮೇಸ್ತ್ರಿ. “ಗೋಡೆ ಬೇಕಾದ್ರೆ ಇವತ್ತೇ ಶುರು ಮಾಡ್ತೀನಿ. ಆದ್ರೆ ಅಮ್ಮನಿಗೆ ಹೇಳದೆ ಒಂದು ಮೊಳೆನೂ ಹೊಡೆಯಲ್ಲ.”

ಅವಳು ಅವನ ಮುಖವನ್ನೇ ನೋಡಿದಳು. ತನ್ನನ್ನು ಆ ಹುಡುಗಿ ಅಷ್ಟು ಹೊತ್ತು ನೋಡಿದ್ದು ಅವನಿಗೆ ನೆನಪಿರಲಿಲ್ಲ.

ಅಂದು ಊಟಕ್ಕೆ ಕೂತಾಗ ಮಾತು ಹೊರಬಿತ್ತು. ಅಮ್ಮ ಕಿರುಚಲಿಲ್ಲ. ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

“ಗುಂಡು ಹಾರೋ ಕಡೆ ಹೋಗ್ತೀಯಾ?”

“ಎಲ್ಲ ಕಡೆನೂ ಗುಂಡು ಹಾರಲ್ಲಮ್ಮ.”

“ನಿನ್ನನ್ನ ಪ್ರೆಸ್ಸಿಗೆ ಸೇರಿಸ್ತೀನಿ ಅಂದೆ. ಟೀಚರ್ ಟ್ರೈನಿಂಗ್ ಮಾಡು ಅಂದೆ.”

“ಅಲ್ಲೆಲ್ಲ ನಾನು ಬಗ್ಗಿ ನಿಂತ್ಕೋಬೇಕು. ಮಿಲಿಟರೀಲಿ ನೆಟ್ಟಗೆ ನಿಂತ್ಕೊಂಡ್ರೇ ಸಾಕು ಅಂತಾರೆ.”

ಮೇಸ್ತ್ರಿಗೆ ನಗು ಬಂತು. ಹೆಂಡತಿ ಅವನತ್ತ ನೋಡಿದ ನೋಟಕ್ಕೆ ಅದು ಗಂಟಲಲ್ಲೇ ಇಂಗಿತು.

ಆಮೇಲೆ ಪರದೆಯ ಈಚೆ ಅವಳು ಗಂಡನಿಗೆ ತಗ್ಗಿದ ದನಿಯಲ್ಲಿ ಹೇಳಿದಳು: “ನಿಮಗೆ ಅರ್ಥ ಆಗ್ತಿಲ್ಲ. ಅವಳು ಮಿಲಿಟರಿಗೆ ಹೋಗ್ತಿಲ್ಲ ರೀ. ಈ ಮನೆಯಿಂದ ಹೋಗ್ತಿದ್ದಾಳೆ.”

ಆ ಮಾತು ಮೇಸ್ತ್ರಿಗೆ ನಾಟಿತು. ನಾಟಿದ್ದರಿಂದಲೇ ಅವನು ಇನ್ನಷ್ಟು ಹಟ ಹಿಡಿದ. ಹುಡುಗಿ ಮೊದಲ ಸಲ ತನ್ನಲ್ಲಿ ಏನನ್ನೋ ಕೇಳಿದ್ದಾಳೆ, ಇಲ್ಲವೆನ್ನುವುದು ಹೇಗೆ? ಒಂದು ವಾರ ಅದೇ ವಾದ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಕೊನೆಗೊಂದು ದಿನ, ಬೇರೆಲ್ಲ ಮಾತು ಮುಗಿದುಹೋದಾಗ, ಅವನು ಅಂದ: “ಹೋಗ್ಲಿ ಬಿಡೇ. ಮೂರು ಜನಕ್ಕೆ ಈ ಮನೆ ಇಕ್ಕಟ್ಟು. ಅವಳಿಗೊಂದು ದಾರಿ ಆಗುತ್ತೆ, ನಾವೂ ಸ್ವಲ್ಪ ಗಂಡ ಹೆಂಡತಿ ಥರ ಇರಬಹುದು.”

ಹೆಂಡತಿ ಗೋಡೆಯ ಕಡೆ ತಿರುಗಿ ಮಲಗಿದಳು. ಅದನ್ನೇ ಮೇಸ್ತ್ರಿ ಒಪ್ಪಿಗೆ ಎಂದುಕೊಂಡ.

ಅಂಗಡಿಯ ಹಿಂದಿನ ಖಾಲಿ ಜಾಗದಲ್ಲಿ ಗೋಡೆ ಎದ್ದಿತು. ಎರಡು ದಪ್ಪ ಕಂಬ ಹುಗಿದು, ಹಡಗಿನಲ್ಲಿ ಸರಕು ಬಂದ ಹಳೇ ಪೆಟ್ಟಿಗೆಗಳ ಹಲಗೆಯನ್ನು ಒತ್ತಾಗಿ ಹೊಡೆದ. ಮೇಲಿನ ಅಂಚನ್ನು ಮಾತ್ರ ಉಜ್ಜಿ ಉಜ್ಜಿ ನುಣುಪು ಮಾಡಿದ, ಹುಡುಗಿಯ ಕೈಗೆ ಸಿಬಿರು ಚುಚ್ಚಬಾರದೆಂದು. ಮೊದಲ ದಿನ ಅವಳು ಓಡಿಬಂದು ಎದೆಯಿಂದ ಗುದ್ದಿ ಕೆಳಗೆ ಬಿದ್ದಳು. ಎದ್ದು ಮತ್ತೆ ಗುದ್ದಿದಳು. ಒಂಬತ್ತನೇ ದಿನ ಒಂದು ಕಾಲು ಆಚೆ ಹೋಯಿತು. ಹದಿಮೂರನೇ ದಿನ ಅವಳೇ ಆಚೆ ಹೋದಳು, ಆಚೆಯಿಂದ “ಮೇಸ್ತ್ರೀ!” ಎಂದು ಕೂಗಿದಳು. ಅವನು ಚಪ್ಪಲಿಯನ್ನೂ ಹಾಕದೆ ಸುತ್ತು ಬಳಸಿ ಓಡಿದ.

ಬೆಳಗಿನ ಓಟಕ್ಕೆ ಅವನು ಸೈಕಲ್ಲಿನಲ್ಲಿ ಜೊತೆ ಹೋಗುತ್ತಿದ್ದ. ಸ್ವಲ್ಪ ಏರು ಬಂದರೆ ಅವನೇ ಇಳಿದು ತಳ್ಳಬೇಕು. “ಮೇಸ್ತ್ರಿ, ನೀವು ನನಗೆ ಟೈಮ್ ನೋಡ್ತಿದ್ದೀರೋ, ನಾನು ನಿಮಗೆ ಕಾಯ್ತಿದ್ದೀನೋ?” ಎಂದು ಅವಳು ಮೇಲಿನಿಂದ ಕೇಳುತ್ತಿದ್ದಳು. ಆ ನಾಲ್ಕು ತಿಂಗಳು ಅವನ ಬದುಕಿನ ಒಳ್ಳೆಯ ತಿಂಗಳುಗಳು. ಆಮೇಲೆ ಅವನು ಅವುಗಳನ್ನು ನೆನೆಯುವುದಕ್ಕೂ ಹೆದರಿದ.

ಓಟದಲ್ಲೂ ಗೋಡೆಯಲ್ಲೂ ಪಾಸಾದಳು. ಹದಿನೆಂಟು ತುಂಬಿರದ ಕಾರಣ ದೊಡ್ಡವರ ಸಹಿ ಬೇಕಿತ್ತು. ಅಮ್ಮ ಪೆನ್ನು ಮುಟ್ಟುವುದಿಲ್ಲವೆಂದಳು. ಭರ್ತಿ ಕಚೇರಿಯಲ್ಲಿ ಗುಮಾಸ್ತ ಕನ್ನಡಕದ ಮೇಲಿಂದ ನೋಡಿ, “ತಂದೆಯವರಾ?” ಎಂದು ಕೇಳಿದ. ಪಕ್ಕದಲ್ಲಿ ಹುಡುಗಿ ನಿಂತಿದ್ದಳು.

“ಹೌದು” ಎಂದ ಮೇಸ್ತ್ರಿ.

ಹುಡುಗಿ ಅಲ್ಲವೆನ್ನಲಿಲ್ಲ. ಅವನು ಸಹಿ ಹಾಕಿದ, ಅಷ್ಟು ವರ್ಷದಲ್ಲಿ ಯಾವುದಕ್ಕೂ ಹಾಕದಷ್ಟು ದುಂಡಗೆ.

ತರಬೇತಿ ಕೇಂದ್ರದಿಂದ ಭಾನುವಾರ ಮಾತ್ರ ಐದು ನಿಮಿಷ ಫೋನು. ಮೊದಲ ಎರಡು ನಿಮಿಷ ಅಮ್ಮನ ಜೊತೆ. ಅಮ್ಮ ಊಟದ ಬಗ್ಗೆ, ನಿದ್ದೆಯ ಬಗ್ಗೆ ಕೇಳಿ ಫೋನನ್ನು ಗಂಡನ ಕೈಗೆ ಕೊಟ್ಟು ಬೆನ್ನು ತಿರುಗಿಸುತ್ತಿದ್ದಳು. ಉಳಿದ ಮೂರು ನಿಮಿಷ ಮೇಸ್ತ್ರಿಯದು. ಎಷ್ಟು ಓಡಿದೆ, ಬೆನ್ನಿಗೆ ಎಷ್ಟು ಭಾರ ಹೊತ್ತೆ, ಯಾರು ಅತ್ತರು, ಯಾರು ಬಿಟ್ಟು ಹೋದರು. “ನನ್ನ ತಂಡದಲ್ಲಿ ನಾನೇ ಎತ್ತರ. ಆದ್ರೆ ಇಲ್ಲಿ ಯಾರೂ ಏಣಿ ಅನ್ನಲ್ಲ, ಎಲ್ಲರಿಗೂ ನಂಬರು” ಎಂದು ನಕ್ಕಿದ್ದಳು.

ನಾಲ್ಕನೇ ತಿಂಗಳಲ್ಲಿ ಒಂದು ಭಾನುವಾರ ದನಿ ತಗ್ಗಿಸಿ ಕೇಳಿದಳು: “ಮೇಸ್ತ್ರಿ, ಅಮ್ಮ ಹತ್ತಿರ ಇದ್ದಾಳಾ?”

“ಬಟ್ಟೆ ಒಣಗಿಸ್ತಿದ್ದಾಳೆ.”

“ಸೊಂಟದ ಹತ್ರ, ತೊಡೆ ಸಂದೀಲಿ ನೋಯ್ತಿದೆ. ಎರಡು ವಾರ ಆಯ್ತು. ಓಡುವಾಗ ಜಾಸ್ತಿ. ಆಸ್ಪತ್ರೆ ಕೋಣೆಗೆ ಹೋಗ್ಲಾ ಅಂತ. ಆದ್ರೆ ಹೋದೋರನ್ನ ನಮ್ಮ ನಂತರ ಸೇರಿದ ತಂಡಕ್ಕೆ ಹಾಕ್ತಾರೆ. ಕೆಲವರನ್ನ ಮನೆಗೇ ಕಳಿಸಿದ್ರು.”

ಮೇಸ್ತ್ರಿಗೆ ತನ್ನ ಬೆನ್ನು, ತನ್ನ ಮಣಿಕಟ್ಟು, ತನ್ನ ಮೂವತ್ತು ವರ್ಷದ ನೋವುಗಳು ನೆನಪಾದವು. ಒಂದು ದಿನವೂ ವೈದ್ಯರ ಮೆಟ್ಟಿಲು ಹತ್ತಿದವನಲ್ಲ.

“ಮೈ ಪಳಗೋವರೆಗೂ ನೋಯುತ್ತಮ್ಮ. ಹೊಸದರಲ್ಲಿ ನನ್ನ ಕೈಲೂ ರಕ್ತ ಬರ್ತಿತ್ತು. ಇನ್ನೆಷ್ಟು, ಎರಡು ತಿಂಗಳು. ಹೇಳ್ಕೋಬೇಡ, ತಡ್ಕೋ.”

“ಸರಿ” ಎಂದಳು.

ಮುಂದಿನ ಭಾನುವಾರ ಅವನೇ ಕೇಳಿದ. “ಹಾಗೇ ಇದೆ” ಎಂದಳು. ಅದರ ಮುಂದಿನ ವಾರ, “ತಡ್ಕೋತಿದ್ದೀನಿ ಮೇಸ್ತ್ರಿ” ಎಂದಳು, ಹೆಮ್ಮೆಯಿಂದ. ಅವನಿಗೂ ಹೆಮ್ಮೆಯೇ ಆಯಿತು. ಹೆಂಡತಿಗೆ ಹೇಳಲಿಲ್ಲ. ಹೇಳಿದರೆ ಮರುದಿನವೇ ಅವಳು ಆ ಕೇಂದ್ರದ ಗೇಟಿನ ಮುಂದೆ ನಿಂತಿರುತ್ತಾಳೆ ಎಂದು ಗೊತ್ತಿತ್ತು.

ಐದನೇ ವಾರದ ಗುರುವಾರ ಭಾರ ಹೊತ್ತು ನಡೆಯುವಾಗ ಒಂದು ಸಣ್ಣ ಚರಂಡಿ ದಾಟಲು ಕಾಲೆತ್ತಿಟ್ಟಳು. ಬೀಳಲಿಲ್ಲ, ಜಾರಲಿಲ್ಲ. ಕಾಲು ನೆಲಕ್ಕೆ ತಾಗಿದ್ದೇ ತಡ, ಹಿಂದಿದ್ದವಳಿಗೂ ಕೇಳಿಸುವಂತೆ ಮೂಳೆ ಮುರಿಯಿತು.

ಫೋನು ಬಂದದ್ದು ಮುದ್ರಣಾಲಯಕ್ಕೆ. ಹೆಂಡತಿ ಅಂಗಡಿಯವರೆಗೆ ನಡೆದು ಬಂದಳು. ಕೈಗೆ ಅಂಟು ಮೆತ್ತಿದ್ದು ಹಾಗೇ ಇತ್ತು. “ಕಾಲು ಮುರಿದಿದೆಯಂತೆ. ಆಪರೇಷನ್ ಮಾಡ್ತಾರಂತೆ” ಎಂದಷ್ಟೇ ಹೇಳಿ, ಅವನನ್ನು ದಾಟಿಕೊಂಡು ಹಿತ್ತಿಲಿಗೆ ಹೋದಳು. ಮೇಜಿನ ಮೇಲಿದ್ದ ಸುತ್ತಿಗೆ ಎತ್ತಿಕೊಂಡು ಆ ಹಲಗೆಯ ಗೋಡೆಗೆ ಹೊಡೆಯತೊಡಗಿದಳು. ಮೊಳೆಗಳ ತುದಿಯನ್ನು ಅವನು ಹಿಂಬದಿಯಲ್ಲಿ ಮಡಿಚಿ ಹೊಡೆದಿದ್ದ, ಸುತ್ತಿಗೆಗೆ ಬಗ್ಗುವ ಗೋಡೆಯಲ್ಲ. ಅವಳು ಹೊಡೆಯುತ್ತಲೇ ಇದ್ದಳು. ಸ್ವಲ್ಪ ಹೊತ್ತು ನೋಡಿದ ಮೇಸ್ತ್ರಿ ಒಳಗೆ ಹೋಗಿ ಹಾರೆ ತಂದು ಅವಳ ಕೈಗೆ ಕೊಟ್ಟ. ಅವಳು ತೆಗೆದುಕೊಂಡಳು. ಒಂದೊಂದೇ ಹಲಗೆ ಎದ್ದು ಬರುವಾಗ ಅವನು ಪಕ್ಕದಲ್ಲಿ ನಿಂತು ಅವುಗಳನ್ನು ಹಿಡಿದು ಕೆಳಗಿಟ್ಟ. ಕಂಬಗಳೆರಡು ಮಾತ್ರ ಉಳಿದಾಗ ಇಬ್ಬರೂ ಬಸ್ ನಿಲ್ದಾಣಕ್ಕೆ ಹೊರಟರು.

ಆಸ್ಪತ್ರೆಯ ಆ ವಾರ್ಡಿನಲ್ಲಿ ಹನ್ನೆರಡು ಮಂಚ. ಕೊನೆಯದರಲ್ಲಿ ಅವಳು. ಪಾದ ಮಂಚದ ಕಂಬಿಯಿಂದ ಹೊರಗೆ ಚಾಚಿಕೊಂಡಿತ್ತು. ಕೂದಲು ಕಿವಿಯ ಮೇಲಕ್ಕೆ ಕತ್ತರಿಸಿದ್ದರಿಂದ ಅಮ್ಮನಿಗೆ ಒಂದು ಕ್ಷಣ ಗುರುತೇ ಸಿಗಲಿಲ್ಲ.

ವೈದ್ಯೆ ಎಕ್ಸ್‌ರೇ ಹಾಳೆಯನ್ನು ಕಿಟಕಿಗೆ ಹಿಡಿದು ತೋರಿಸಿದಳು. ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಮೊದಲು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದರ ಮೇಲೇ ಓಡಿ ಓಡಿ, ಭಾರ ಹೊತ್ತು ಹೊತ್ತು, ಈಗ ಪೂರ್ತಿ ಮುರಿದು ಸರಿದಿದೆ. ಆ ಜಾಗಕ್ಕೆ ರಕ್ತ ಹೋಗುವ ದಾರಿಯೇ ಹರಿದಿದೆ. ಮೊಳೆ ಹಾಕಿದ್ದಾರೆ, ಕೂಡುತ್ತದೋ ಇಲ್ಲವೋ ಹೇಳಲಾಗದು.

“ಮೊದಲೇ ನೋವಿರಬೇಕಲ್ಲ. ಎಷ್ಟು ದಿನದಿಂದ?”

“ಐದು ವಾರ” ಎಂದಳು ಹುಡುಗಿ.

“ಮೊದಲ ವಾರವೇ ಬಂದಿದ್ರೆ ಎರಡು ತಿಂಗಳು ರೆಸ್ಟು, ಅಷ್ಟೇ. ಯಾರಿಗೂ ಹೇಳ್ಲಿಲ್ವಾ?”

ಅಮ್ಮ ಮಗಳನ್ನು ನೋಡಿದಳು. ಮಗಳು ಮೇಸ್ತ್ರಿಯ ಕಡೆ ತಿರುಗದೆ, ಚಾವಣಿ ನೋಡುತ್ತ ಹೇಳಿದಳು: “ಇಲ್ಲ. ಯಾರಿಗೂ ಹೇಳ್ಲಿಲ್ಲ.”

ಮೇಸ್ತ್ರಿಗೆ ಅದು ನುಂಗಲಾರದ ತುತ್ತಾಯಿತು. ಹೊರಗಿನ ಬೆಂಚಿನ ಮೇಲೆ ಕೂತಾಗ, ನೆಲ ಒರೆಸುವವಳು ಎರಡು ಸಲ ಅವನ ಕಾಲು ಎತ್ತಿಸಿ ಒರೆಸಿ ಹೋದ ಮೇಲೆ, ಅವನು ಹೆಂಡತಿಗೆ ಹೇಳಿದ. ಭಾನುವಾರದ ಫೋನು, ಅವಳು ಕೇಳಿದ್ದು, ತಾನು ಅಂದದ್ದು. ಒಂದಕ್ಷರ ಬಿಡಲಿಲ್ಲ.

ಅವಳು ಬೈದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ನೀವು ಅವಳಿಗೆ ಅಪ್ಪ ಆಗೋಕೆ ಹೊರಟ್ರಿ” ಎಂದಳು. “ದಾರೀಲಿ ಹೋಗೋನನ್ನ ಕೇಳಿದ್ರೂ ಡಾಕ್ಟರಿಗೆ ತೋರಿಸಮ್ಮ ಅಂತಿದ್ದ.”

ಅಂದಿನಿಂದ ಅವಳು ಬೇಕಾದಷ್ಟೇ ಮಾತಾಡಿದಳು. ಗ್ಯಾಸ್ ಮುಗಿದಿದೆ, ಔಷಧಿ ತನ್ನಿ, ಬಾಗಿಲು ಹಾಕಿ.

ಮೂಳೆ ಕೂಡಲಿಲ್ಲ. ವರ್ಷದಲ್ಲಿ ಮೂರು ಸಲ ಕೊಯ್ದರು. ಬಲಗಾಲು ಎಡಗಾಲಿಗಿಂತ ಎರಡು ಬೆರಳು ಗಿಡ್ಡವಾಯಿತು. ಸೈನ್ಯದಿಂದ ಒಂದು ಪತ್ರ ಬಂತು, ದೇಹಸ್ಥಿತಿಯ ಕಾರಣ ಬಿಡುಗಡೆ ಮಾಡಲಾಗಿದೆ ಎಂದು. ಹುಡುಗಿ ಮತ್ತೆ ಅದೇ ಎರಡನೇ ಮಹಡಿಯ ಹೊರಕೋಣೆಗೆ ಬಂದಳು. ಮೆಟ್ಟಿಲು ಹತ್ತಿಸುವಾಗ ಮೇಸ್ತ್ರಿ ಅವಳನ್ನು ಬೆನ್ನ ಮೇಲೆ ಹೊತ್ತ. ಅವಳ ಕಾಲು ನೆಲಕ್ಕೆ ತಾಗುವಷ್ಟು ಉದ್ದ. ಪ್ರತಿ ಮೆಟ್ಟಿಲಿಗೂ ಅವಳು ಹಲ್ಲು ಕಚ್ಚುತ್ತಿದ್ದದ್ದು ಅವನ ಕಿವಿಯ ಪಕ್ಕದಲ್ಲೇ ಕೇಳುತ್ತಿತ್ತು.

ಹೆಂಡತಿ ಕೆಲಸ ಬಿಡುವಂತಿರಲಿಲ್ಲ. ಹಗಲು ಹುಡುಗಿಯನ್ನು ನೋಡಿಕೊಳ್ಳುವುದು ಮೇಸ್ತ್ರಿಯ ಪಾಲಿಗೆ ಬಂತು. ಅವನು ಸಣ್ಣ ಕೆಲಸಗಳನ್ನು ಮನೆಗೇ ತಂದುಕೊಂಡ: ಸ್ಟೂಲು, ಚಿತ್ರಕ್ಕೆ ಚೌಕಟ್ಟು, ಮಣೆ. ಊರುಗೋಲು ಕಂಕುಳಿಗೆ ಒತ್ತುತ್ತದೆಂದು ಅದರ ತಲೆಯನ್ನು ಕೊರೆದು ಸರಿಮಾಡಿದ. ಅವಳು ‘ಚೆನ್ನಾಗಿದೆ’ ಎಂದೂ ಅನ್ನಲಿಲ್ಲ. ದಿನವಿಡೀ ಕಿಟಕಿಯಿಂದ ಎದುರಿನ ಕಟ್ಟಡದ ನೀರಿನ ಟ್ಯಾಂಕು ನೋಡುತ್ತಿದ್ದಳು.

ಒಂದು ಮಧ್ಯಾಹ್ನ, ಅವನು ಮರಳುಕಾಗದ ಉಜ್ಜುತ್ತಿದ್ದಾಗ, ಅವಳು ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು.

“ಮೇಸ್ತ್ರಿ, ನೀವು ಯಾಕೆ ನನ್ನ ತಡೀಲಿಲ್ಲ?”

ಅವನ ಕೈ ನಿಂತಿತು.

“ಅಮ್ಮ ತಡೆದಳು. ನೀವು ಗೋಡೆ ಕಟ್ಟಿದ್ರಿ. ನೋವು ಅಂದೆ, ತಡ್ಕೋ ಅಂದ್ರಿ. ನಾನು ನಿಮ್ಮ ಸ್ವಂತ ಮಗಳಾಗಿದ್ರೆ ಹಾಗೇ ಹೇಳ್ತಿದ್ರಾ?”

ಸುಳ್ಳು ಹೇಳಲು ಎಷ್ಟೋ ದಾರಿಗಳಿದ್ದವು. ನಿನ್ನ ಒಳ್ಳೆಯದಕ್ಕೇ ಅನ್ನಬಹುದಿತ್ತು, ನಿನ್ನ ಕನಸು ಅನ್ನಬಹುದಿತ್ತು. ಅವನು ಮರಳುಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ.

“ಗೊತ್ತಿಲ್ಲಮ್ಮ. ನಿನಗೆ ಬೇಕಾದ್ದು ಕೊಟ್ರೆ ನನ್ನನ್ನ ಅಪ್ಪ ಅಂತೀಯ ಅಂತ ಒಂದಾಸೆ ಇತ್ತು. ಅದೊಂದು. ಇನ್ನೊಂದು, ನೀನು ಹೋದ್ರೆ ಮನೆ ಹಗುರಾಗುತ್ತೆ ಅಂತಲೂ ಇತ್ತು. ಎರಡರಲ್ಲಿ ಯಾವುದು ಎಷ್ಟಿತ್ತು ಅಂತ ನನಗೇ ಗೊತ್ತಿಲ್ಲ.”

ಹುಡುಗಿ ಈಗ ತಿರುಗಿದಳು. ಕಣ್ಣಲ್ಲಿ ನೀರಿರಲಿಲ್ಲ.

“ಎರಡನೇದು ನನಗೆ ಗೊತ್ತಿತ್ತು” ಎಂದಳು. “ಪರದೆ ಅಷ್ಟೇನೂ ದಪ್ಪ ಇರಲಿಲ್ಲ. ಅದನ್ನ ಕೇಳಿಸ್ಕೊಂಡ ಮೇಲೆ, ಏನೇ ಆದ್ರೂ ವಾಪಸ್ ಬರಬಾರದು ಅನ್ಕೊಂಡೆ. ಅದಕ್ಕೇ ತಡ್ಕೊಂಡೆ. ನೀವು ಹೇಳಿದ್ದಕ್ಕಲ್ಲ.”

ಆ ಮಾತಿನಲ್ಲಿ ಅವನಿಗೆ ಬಿಡುಗಡೆ ಇತ್ತೋ, ಇನ್ನೂ ದೊಡ್ಡ ಶಿಕ್ಷೆ ಇತ್ತೋ, ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಆ ಸಂಜೆ ಹೆಂಡತಿ ಬರುವವರೆಗೂ ಇಬ್ಬರೂ ಒಂದೇ ಕೋಣೆಯಲ್ಲಿ ಕೂತಿದ್ದರು.

ಇಪ್ಪತ್ತೊಂದು ತುಂಬಿದಾಗ ಅವಳಿಗೆ ಬೇರೆ ಊರಿನ ಒಂದು ಕಚೇರಿಯಲ್ಲಿ ಫೋನು ತೆಗೆದುಕೊಳ್ಳುವ ಕೆಲಸ ಸಿಕ್ಕಿತು. ಅರ್ಜಿ ಹಾಕಿದ್ದು ಯಾರಿಗೂ ಹೇಳಿರಲಿಲ್ಲ. ಮೂವತ್ತು ಆಗುವಷ್ಟರಲ್ಲಿ ಸೊಂಟದ ಕೀಲನ್ನೇ ಬದಲಿಸಬೇಕಾಗುತ್ತದೆ ಎಂದು ವೈದ್ಯೆ ಹೇಳಿದ್ದಳು. “ಆಗ ನೋಡೋಣ” ಎಂದು ಒಂದು ಚೀಲ, ಒಂದು ಕೋಲು ಹಿಡಿದು ಹೊರಟುಹೋದಳು. ಈ ಸಲ ಅಮ್ಮ ತಡೆಯಲಿಲ್ಲ. ಮೇಸ್ತ್ರಿ ಚೀಲವನ್ನು ಬಸ್ಸಿನವರೆಗೆ ಹೊತ್ತ, ಅಷ್ಟೇ.

ಮನೆ ಈಗ ಗಂಡ ಹೆಂಡತಿಯದು. ಹೊರಕೋಣೆ ಖಾಲಿ. ಹೆಂಡತಿ ತನ್ನ ಹಾಸಿಗೆಯನ್ನು ಅಲ್ಲಿಗೆ ಒಯ್ದಳು.

ಎಂಟು ತಿಂಗಳ ಮೇಲೆ ಹುಡುಗಿಯಿಂದ ಮೇಸ್ತ್ರಿಗೆ ಫೋನು ಬಂತು. ಬಾಡಿಗೆ ಕೋಣೆಯ ಕಿಟಕಿ ತೇವಕ್ಕೆ ಉಬ್ಬಿ ತೆರೆಯುತ್ತಿಲ್ಲ, ಮಾಲೀಕನಿಗೆ ಹೇಳಿ ಹೇಳಿ ಸಾಕಾಗಿದೆ, ಬರಲಾಗುತ್ತದಾ? ಅವನು ಆ ಭಾನುವಾರವೇ ಉಪಕರಣದ ಚೀಲ ಹೆಗಲಿಗೇರಿಸಿ ಹೋದ. ಕಿಟಕಿಯ ಕದ ಬಿಚ್ಚಿ, ಅಂಚು ಉಜ್ಜಿ, ತಿರುಗಿ ಕೂರಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಅವಳು ಕುರ್ಚಿಯಲ್ಲಿ ಕೂತು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದುಕೊಂಡಿದ್ದಳು. ಕಚೇರಿಯ ಬಗ್ಗೆ ಎರಡು ಮಾತಾಡಿದಳು. ಅವನು ಹೊರಡುವಾಗ, “ಕೆಳಗಿನ ಮೆಟ್ಟಿಲು ಒಂದು ಅಲುಗಾಡುತ್ತೆ, ನೋಡ್ಕೊಂಡು ಇಳೀರಿ” ಎಂದಳು.

ಅವನು ಮನೆಗೆ ಬಂದಾಗ ಹೆಂಡತಿ ಒಲೆಯ ಮುಂದಿದ್ದಳು. ತಿರುಗದೆ ಕೇಳಿದಳು: “ಹೇಗಿದ್ದಾಳೆ?”

“ತೆಳ್ಳಗಾಗಿದ್ದಾಳೆ. ಕೋಣೆಗೆ ಬೆಳಕು ಚೆನ್ನಾಗಿದೆ.”

“ಯಾವ ಬಸ್ಸು ಹೋಗುತ್ತೆ ಅಲ್ಲಿಗೆ?”

ಅವನು ಹೇಳಿದ. ಮುಂದಿನ ಭಾನುವಾರ ಇಬ್ಬರೂ ಹೋದರು. ಬಸ್ಸು ಕಿಕ್ಕಿರಿದಿತ್ತು. ಅವಳಿಗೆ ಮುಂದೆ ಒಂದು ಸೀಟು ಸಿಕ್ಕಿತು, ಅವನು ಹಿಂದೆ ಕಂಬಿ ಹಿಡಿದು ನಿಂತೇ ಹೋದ.